ಮಾಷ್ಟ್ರು ಗಂಜಿಗೆ ಬಂದ ಚಳಿಗಾಲ

ಟ್ಯಾಂಕರಿನ ನೀರು ಮರಳಿನ ಮೇಲೆ ಬಿದ್ದಾಗ ಏಳುವ ವಾಸನೆಗೆ ಎಲ್ಲರೂ ಮೂಗು ಮುಚ್ಚಿಕೊಂಡರೆ ನಾನು ಕಾರಿನ ಗಾಜು ಇಳಿಸುತ್ತೇನೆ. ನಮ್ಮ ಯಜಮಾನರಿಗೆ ಇದು ತಲೆ ಕೆಟ್ಟವರ ಲಕ್ಷಣ. "ಎಂತ ಮಾರಾಯ್ತಿ, ಚರಂಡಿ ನೀರಿನ ವಾಸನೆ ಅದು, ಗಾಜು ಏರಿಸು" ಎನ್ನುತ್ತಾರೆ. ಸುಳ್ಳೇನಲ್ಲ. ಊರೆಲ್ಲ ಬಳಸಿ ಬಿಟ್ಟ ನೀರನ್ನು ಶುದ್ಧ ಮಾಡಿ ಖರ್ಜೂರದ ಮರಗಳಿಗೆ, ರಸ್ತೆ ಬದಿಯ ಹೂಗಿಡಗಳಿಗೆ ಬಿಡುವ ನೀರದು. ಎಷ್ಟೇ ಶುದ್ಧ ಮಾಡಿದರೂ ಅದರ ಹಳೆಯ ಬುದ್ಧಿ ಪೂರ್ತಿ ಹೋಗಿರುವುದಿಲ್ಲ. ಹೋದ ಶುಕ್ರವಾರ, ಗಲ್ಫಿನಲ್ಲಿ ನಾವೀಗ ಇರುವ ಜುಬೈಲಿನಿಂದ ದಮ್ಮಾಮಿಗೆ ಹೊರಟವರು, ಗೆಳತಿ ಸಬೀಹಾಳನ್ನು ಜೊತೆಗೆ ಹತ್ತಿಸಿಕೊಳ್ಳಲು ರಹೀಮಾದ ಕಡೆ ತಿರುಗಿದೆವು. ಗ್ಯಾರೇಜುಗಳ ಹಿಂದಿನ ಬಯಲಿನಲ್ಲಿ ಯಾರೋ ಟ್ಯಾಂಕರ್ ನಿಲ್ಲಿಸಿಕೊಂಡು ಮರಳಿಗೆ ನೀರು ಹೊಡೆಯುತ್ತಿದ್ದರು. ನಾನು ಗಾಜು ಇಳಿಸಿದೆ. ಆ ವಾಸನೆಯ ಜೊತೆಗೆ ಅಪ್ಪ ಬಂದು ಹಿಂದಿನ ಸೀಟಿನಲ್ಲಿ ಕೂತರು.

ಆಗ ನಾವು ರಹೀಮಾದಲ್ಲೇ ಇದ್ದೆವು. ರಾಸ್ ತನೂರಾದ ಎಣ್ಣೆ ಕಾರ್ಖಾನೆಯ ಬೇಲಿಗೆ ಆತುಕೊಂಡ ಸಣ್ಣ ಊರು ಅದು. ನಮ್ಮವರಿಗೆ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ, ನನಗೆ ಒಂದು ಕ್ಲಿನಿಕ್ಕಿನ ಲ್ಯಾಬಿನಲ್ಲಿ ಬಂದವರ ರಕ್ತ ತೆಗೆಯುವ ಕೆಲಸ. ಅಮ್ಮ ತೀರಿಕೊಂಡ ಮೇಲೆ ಅಪ್ಪ ಮಂಗಳೂರಿನ ಬೋಳಾರದಲ್ಲಿ ಅಣ್ಣನ ಸಂಸಾರದ ಜೊತೆ ಇದ್ದರು. ಎಷ್ಟು ಕರೆದರೂ ಬಾರದವರು ಆ ವರ್ಷ ತಾವಾಗಿಯೇ "ನನಗೊಂದು ವೀಸಾ ಕಳಿಸು ಮಗಾ" ಎಂದರು. ಅಪ್ಪನಂಥವರು ಊರು ಬಿಡುತ್ತೇನೆ ಎಂದರೆ ಊರಿನಲ್ಲಿ ಏನೋ ಆಗಿದೆ ಎಂದೇ ಅರ್ಥ.

ಅಪ್ಪ ಮಂಗಳೂರಿನ ಒಂದು ಕಾಲೇಜಿನಲ್ಲಿ ಪೀಟಿ ಮಾಷ್ಟ್ರಾಗಿದ್ದವರು. ಫುಟ್ಬಾಲ್ ತಂಡ ಕಟ್ಟುವುದೇ ಅವರ ಬದುಕು. ಮೇ ತಿಂಗಳಲ್ಲಿ ಬೇರೆಯವರ ಅಪ್ಪಂದಿರು ಮಾವಿನ ಹಣ್ಣು ತರುತ್ತಿದ್ದರು, ನಮ್ಮಪ್ಪ ಹುಡುಗರನ್ನು ತರುತ್ತಿದ್ದರು. ಸ್ಕೂಟರಿನಲ್ಲಿ ಬೆಂಗ್ರೆ, ಉಳ್ಳಾಲ, ಕುದ್ರೋಳಿ ಎಂದು ಕಡಲ ಬದಿ ಅಲೆದು, ಬರಿಗಾಲಿನಲ್ಲಿ ಮರಳಿನ ಮೇಲೆ ಆಡುವ ಮಕ್ಕಳನ್ನು ದೂರದಿಂದ ನೋಡಿ ಆರಿಸುತ್ತಿದ್ದರು. ಆರಿಸಿದ ಮೇಲೆ ಅವರದ್ದೊಂದು ಪದ್ಧತಿ ಇತ್ತು. ಹುಡುಗನನ್ನು ಕೇಳುವುದಲ್ಲ, ಅವನ ಅಪ್ಪನನ್ನೂ ಕೇಳುವುದಲ್ಲ. ಮಧ್ಯಾಹ್ನ ಅವರ ಮನೆಗೆ ಹೋಗಿ "ಇಲ್ಲೇ ಊಟ ನನಗೆ" ಎಂದು ಕೂತುಬಿಡುವುದು. ಮನೆಯವರು ದಿನಾ ಉಣ್ಣುವುದನ್ನೇ ಹಾಕಬೇಕು. ವಿಶೇಷ ಮಾಡಿದರೆ ಅದು ಲೆಕ್ಕಕ್ಕಿಲ್ಲ. ಅಲ್ಲೆಲ್ಲ ಇರುತ್ತಿದ್ದದ್ದು ಕುಚ್ಚಲಕ್ಕಿ ಗಂಜಿ, ಒಣಮೀನಿನ ಚಟ್ನಿ. ಉಣ್ಣುತ್ತಾ ವಿಷಯ ಹೇಳುತ್ತಿದ್ದರು. ಅಮ್ಮನಾದವಳು ಎಲ್ಲ ಕೇಳಿ ಎರಡನೇ ಸಲ ಬಡಿಸಿದರೆ ಹುಡುಗ ತಂಡಕ್ಕೆ ಸೇರಿದ ಹಾಗೆ. ಬಡಿಸದೆ ನಿಂತರೆ ಅಪ್ಪ ಕೈ ತೊಳೆದು ಎದ್ದು ಬರುತ್ತಿದ್ದರು, ಮತ್ತೆ ಒಂದು ಮಾತಿಲ್ಲ.

ಹತ್ತಿರದ ಊರಿನ ಹುಡುಗರನ್ನಷ್ಟೇ ಆರಿಸುತ್ತಿದ್ದರು. ಹತ್ತಿರದವ ಎಂದರೆ ಎಷ್ಟು ಹತ್ತಿರ ಎನ್ನುವುದಕ್ಕೂ ಅವರಲ್ಲಿ ಅಳತೆ ಇತ್ತು. "ಅವನ ಅಮ್ಮ ಬೆಳಿಗ್ಗೆ ಬಸ್ಸು ಹತ್ತಿ ಬಂದು, ಮ್ಯಾಚ್ ನೋಡಿ, ಸಂಜೆ ದೀಪ ಹಚ್ಚುವುದಕ್ಕೆ ಮನೆ ಸೇರ್ಬೇಕು. ಅಷ್ಟು ಹತ್ತಿರದವ ನಮ್ಮವ" ಎನ್ನುತ್ತಿದ್ದರು. ಕಾಲೇಜಿನ ಮೈದಾನದ ಕಲ್ಲಿನ ಗ್ಯಾಲರಿಯಲ್ಲಿ ಮೀನು ಮಾರಿ ಬಂದವರು, ಬೀಡಿ ಕಟ್ಟುವವರು, ಬುರ್ಖಾ ಹಾಕಿದವರು ಎಲ್ಲ ಸಾಲಾಗಿ ಕೂತು ಮಕ್ಕಳ ಹೆಸರು ಹಿಡಿದು ಕೂಗುತ್ತಿದ್ದದ್ದು ನನಗೆ ಇವತ್ತಿಗೂ ಕಿವಿಯಲ್ಲಿದೆ. ಆಟದ ಗಂಧಗಾಳಿ ಇಲ್ಲದವರು. ಚೆಂಡು ಯಾವ ಕಡೆ ಹೋದರೆ ಒಳ್ಳೆಯದು ಎಂದು ಪಕ್ಕದವಳನ್ನು ಕೇಳಿ ಕೂಗುವವರು.

ಆ ಗ್ಯಾಲರಿ ಖಾಲಿಯಾಗುತ್ತಾ ಬಂದಿತ್ತು. ಅಪ್ಪ ನಿವೃತ್ತರಾದರೂ ಆಟಗಾರರನ್ನು ಆರಿಸುವುದಕ್ಕೆ ಕಾಲೇಜಿನವರು ಅವರನ್ನೇ ಕರೆಯುತ್ತಿದ್ದರು. ಆದರೆ ಆರಿಸಲು ಹತ್ತಿರದಲ್ಲಿ ಹುಡುಗರೆಲ್ಲಿ? ಇದ್ದವರು ಕ್ರಿಕೆಟ್ಟಿಗೆ ಹೋದರು, ಚೆನ್ನಾಗಿ ಆಡುವವರ ಅಪ್ಪಂದಿರು ಗಲ್ಫಿಗೆ ಹೋಗಿ ಹಿಂದಿನಿಂದ ಸಂಸಾರವನ್ನೂ ಕರೆಸಿಕೊಂಡರು. ಕಾಲೇಜು ಮಲಪ್ಪುರದಿಂದ, ಮಣಿಪುರದಿಂದ ಹುಡುಗರನ್ನು ಕರೆತಂದು ಹಾಸ್ಟೆಲಿನಲ್ಲಿಟ್ಟಿತು. ಗೆದ್ದ ಕಪ್‌ಗಳು ಬಂದವು, ಜನ ಬರಲಿಲ್ಲ. ಅಪ್ಪ ಹಟ ಹಿಡಿದು, "ಬರುವ ವರ್ಷದ ತಂಡದಲ್ಲಿ ನಮ್ಮ ಕಡೆಯವ ಒಬ್ಬನಾದರೂ ಇರಬೇಕು. ನಾನು ತಂದುಕೊಡ್ತೇನೆ. ಆಗ್ಲಿಲ್ಲ ಅಂತಾದ್ರೆ ನನ್ನ ಸೀಟಿ ನಿಮ್ಮ ಮೇಜಿನ ಮೇಲಿಟ್ಟು ಹೋಗ್ತೇನೆ" ಎಂದು ಪ್ರಿನ್ಸಿಪಾಲರಿಗೆ ಹೇಳಿ ಬಂದಿದ್ದರು. ಇಡೀ ಕರಾವಳಿ ಅಲೆದು ಬರಿಗೈಯಲ್ಲಿ ಕೂತಾಗ ಅವರಿಗೆ ನನ್ನ ನೆನಪಾಗಿದೆ. ಮಗಳನ್ನು ನೋಡುವ ಆಸೆಯೇ ಇರಬಹುದು ಎಂದುಕೊಂಡಿದ್ದ ನನಗೆ ಇದು ಗೊತ್ತಾದಾಗ ಒಂದು ಗಳಿಗೆ ಸಿಟ್ಟೇ ಬಂತು.

ಮೊದಲ ವಾರ ಅಪ್ಪನಿಗೆ ಏನೂ ಹಿಡಿಸಲಿಲ್ಲ. ಮಂಗನ ಟೋಪಿ ಹಾಕಿಕೊಂಡು ಬಾಲ್ಕನಿಯಲ್ಲಿ ಕೂತು ಬೆಳಗಿನ ಮಂಜನ್ನು ಬೈದರು, ಬಡಗಣ ಗಾಳಿಯನ್ನು ಬೈದರು. ಕಾರ್ಖಾನೆಯ ಚಿಮಣಿಯ ತುದಿಯ ಬೆಂಕಿಯನ್ನು ನೋಡಿ, "ಅದನ್ನು ಆರಿಸ್ಲಿಕ್ಕೆ ಯಾರೂ ಇಲ್ವಾ? ಹಗಲಿಗೂ ಉರೀತದಲ್ಲ" ಎಂದು ನಮ್ಮವರನ್ನು ತರಾಟೆಗೆ ತೆಗೆದುಕೊಂಡರು. ನಮ್ಮವರು ತಾವೇ ಹಚ್ಚಿಟ್ಟವರ ಹಾಗೆ ಮುಖ ಸಣ್ಣ ಮಾಡಿಕೊಂಡರು.

ಶುಕ್ರವಾರ ಬಂತು. ಜುಮ್ಮಾ ನಮಾಜು ಮುಗಿದು ಬಿಸಿಲು ಇಳಿದ ಮೇಲೆ ಆ ಬಯಲಿನಲ್ಲಿ ನಮ್ಮ ಕಡೆಯವರ ಆಟ ಇರುತ್ತಿತ್ತು. ಕುಂದಾಪುರದ ವೆಲ್ಡರೊಬ್ಬರು ಹಳೆಯ ಪೈಪುಗಳನ್ನು ಬೆಸೆದು ಮಾಡಿದ ಗೋಲುಕಂಬಗಳು, ಧೂಳು ಏಳದ ಹಾಗೆ ಮರಳಿಗೆ ಹೊಡೆಸಿದ ಟ್ಯಾಂಕರಿನ ನೀರು. ಅಪ್ಪನನ್ನು ಅಲ್ಲಿಗೆ ಕರೆದುಕೊಂಡು ಹೋದೆ. ಕಾರಿನಿಂದ ಇಳಿದವರೇ ಮೂಗು ಅರಳಿಸಿ ನಿಂತರು. "ಮಗಾ, ಇದು ನಮ್ಮ ಬೆಂಗ್ರೆಯ ವಾಸನೆ ಅಲ್ವಾ? ಮೀನು ಒಣಗಿಸಿದ ಜಾಗಕ್ಕೆ ಮೊದಲ ಮಳೆ ಬಿದ್ದ ಹಾಗೆ." ಎಲ್ಲಿಯ ಚರಂಡಿ ನೀರು, ಎಲ್ಲಿಯ ಬೆಂಗ್ರೆ! ಆದರೆ ಅವರು ಹೇಳಿದ ಮೇಲೆ ನನಗೂ ಹಾಗೆಯೇ ಅನಿಸಿತು, ಇವತ್ತಿಗೂ ಅನಿಸುತ್ತದೆ.

ಒಳಗೆ ಹೋದರೆ ಇನ್ನೊಂದು ಆಶ್ಚರ್ಯ. ಬಿಳಿಗೂದಲು, ಬೊಜ್ಜು ಹೊತ್ತುಕೊಂಡು ಓಡುತ್ತಿದ್ದವರಲ್ಲಿ ಅರ್ಧ ಜನ ಒಂದು ಕಾಲದಲ್ಲಿ ಅಪ್ಪನ ತಂಡದವರು. "ಮಾಷ್ಟ್ರು! ಯಾ ದೇವರೇ, ನಮ್ಮ ಮಾಷ್ಟ್ರು!" ಎಂದು ಆಟ ಬಿಟ್ಟು ಓಡಿ ಬಂದರು. ಎಲ್ಲರಿಗಿಂತ ಮುಂದೆ ಓಡಿ ಬಂದವನು ಇರ್ಫಾನ್. ಭಟ್ಕಳದವನು, ರಹೀಮಾದ ಪೇಟೆಯಲ್ಲಿ ಅವನದ್ದು ದೊಡ್ಡ ದಿನಸಿ ಅಂಗಡಿ. ಅಪ್ಪನ ಅಳತೆಯ ಪ್ರಕಾರ ಭಟ್ಕಳ ಹತ್ತಿರದ ಕಟ್ಟಕಡೆಯ ಊರು. ಇರ್ಫಾನನ ಅಮ್ಮ ಮೊದಲ ಬಸ್ಸು ಹತ್ತಿ ಬಂದು ಕೊನೆಯ ಬಸ್ಸಿಗೆ ಹೋಗುತ್ತಿದ್ದಳು.

"ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದೆನಲ್ಲ ಮಗಾ" ಎಂದು ಅಪ್ಪ ನನ್ನ ಕಡೆ ತಿರುಗಿದರು. "ಊರಿನ ಆಟ ಸತ್ತದ್ದಲ್ಲ. ವಿಮಾನ ಹತ್ತಿ ಇಲ್ಲಿ ಬಂದು ಕೂತಿದೆ."

ಅವರ ಕಣ್ಣು ಆಗಲೇ ಎಡಗಡೆಯ ಗೆರೆಯ ಮೇಲೆ ಓಡುತ್ತಿದ್ದ ಒಬ್ಬನ ಮೇಲೆ ನೆಟ್ಟಿತ್ತು. ಉದ್ದ ಕಾಲಿನ, ಹನ್ನೆರಡನೇ ತರಗತಿಯ ಹುಡುಗ. ಚೆಂಡು ಕಾಲಿಗೆ ಬಂದಾಗ ಅವಸರ ಮಾಡುತ್ತಿರಲಿಲ್ಲ. ಎದುರಿನವನು ಮೊದಲು ತಪ್ಪಲಿ ಎಂದು ಕಾಯುತ್ತಿದ್ದ. ಅಪ್ಪ ಅವನನ್ನು ಕರೆದು, "ನಿನ್ನ ಊರು ಯಾವುದು ಮಗಾ?" ಎಂದರು.

"ಭಟ್ಕಳ, ಅಂಕಲ್. ಇರ್ಫಾನ್ ನನ್ನ ಅಪ್ಪ."

ಅಪ್ಪನ ಮುಖ ನೋಡಬೇಕಿತ್ತು ನೀವು. ಹೋದ ಎಮ್ಮೆ ಕರು ಸಮೇತ ಮನೆಗೆ ಬಂದ ಹಾಗೆ ಆಗಿತ್ತು ಅವರಿಗೆ. ಆದರೆ ಈ ಉತ್ತರದ ಕಥೆಯೇ ಬೇರೆ. ಇಲ್ಲಿನ ಇಂಡಿಯನ್ ಶಾಲೆಯ ಯಾವ ಮಗುವನ್ನು ಕೇಳಿದರೂ ಅಪ್ಪನ ಊರನ್ನೇ ಹೇಳುತ್ತದೆ. ದಮ್ಮಾಮಿನ ಆಸ್ಪತ್ರೆಯಲ್ಲಿ ಹುಟ್ಟಿದ ನನ್ನ ಮಗಳೂ "ಬೋಳಾರ" ಎನ್ನುತ್ತಾಳೆ, ಬೋಳಾರದಲ್ಲಿ ಅವಳು ಕಂಡದ್ದು ರಜೆಯ ಮಳೆ ಮಾತ್ರ. ಇನಿಶಿಯಲ್ ಇಟ್ಟುಕೊಂಡ ಹಾಗೆ ಊರು ಇಟ್ಟುಕೊಂಡಿರುತ್ತಾರೆ. ನಮಗೆಲ್ಲ ಇದು ಗೊತ್ತು, ಗೊತ್ತಿದ್ದೂ ಕೇಳಿ ಖುಷಿ ಪಡುತ್ತೇವೆ. ಅಪ್ಪ ಅದನ್ನು ನಂಬಿಯೇ ಬಿಟ್ಟರು.

ಆ ಹುಡುಗ ರಯ್ಯಾನ್. ಮನೆಯಲ್ಲಿ ನವಾಯತಿ, ಶಾಲೆಯಲ್ಲಿ ಇಂಗ್ಲಿಷ್, ಬೀದಿಯಲ್ಲಿ ಅರಬ್ಬಿ. ಕನ್ನಡವನ್ನು ಮಾತ್ರ ಬಿಸಿ ಚಹಾ ಕುಡಿಯುವವರಂತೆ ಮೆಲ್ಲಗೆ ಆಡುತ್ತಿದ್ದ. ಅವನ ಅಮ್ಮ ಸಬೀಹಾ ಪ್ರತಿ ಶುಕ್ರವಾರ ಬಯಲಿನ ಅಂಚಿನಲ್ಲಿ ಕಾರು ನಿಲ್ಲಿಸಿ, ಗಾಜನ್ನು ಎರಡು ಬೆರಳು ಇಳಿಸಿಕೊಂಡು, ಒಳಗೇ ಕೂತು ಮಗನ ಆಟ ನೋಡುತ್ತಿದ್ದಳು. ಗಂಡಸರೇ ತುಂಬಿದ ಬಯಲಿಗೆ ಇಳಿಯಲು ಅವಳಿಗೆ ಸಂಕೋಚ. ಅಪ್ಪನನ್ನು ಬಿಟ್ಟು ಕಾಯುವ ಕೆಲಸ ನನ್ನದಾದ್ದರಿಂದ ನಾನೂ ಅವಳ ಕಾರಿಗೇ ಹೋಗಿ ಕೂರತೊಡಗಿದೆ. ಫ್ಲಾಸ್ಕಿನಲ್ಲಿ ಹಾಲಿಲ್ಲದ ಸುಲೈಮಾನಿ ಚಹಾ ತರುತ್ತಿದ್ದಳು. ಮಗ ಬಿದ್ದರೆ ನನ್ನ ತೊಡೆ ಹಿಂಡುತ್ತಿದ್ದಳು. ಮನೆಗೆ ಹೋಗಿ ನೋಡಿದರೆ ನನ್ನ ತೊಡೆಯೆಲ್ಲ ನೀಲಿ. "ನಿನ್ನ ಮಗ ಬಿದ್ದದ್ದಕ್ಕೆ ನನಗೆ ಗಾಯ, ಇದೆಂತ ನ್ಯಾಯ?" ಎಂದರೆ ನಗುತ್ತಿದ್ದಳು.

ಆ ಚಳಿಗಾಲ ಅಪ್ಪ ಹತ್ತು ವರ್ಷ ಚಿಕ್ಕವರಾದರು. ವಾರದ ಸಂಜೆಗಳಲ್ಲೂ ರಯ್ಯಾನನನ್ನು ಬಯಲಿಗೆ ಕರೆಸಿ ಆಡಿಸಿದರು. ಅಂಗಿಯೊಳಗೆ ನೇತಾಡುತ್ತಿದ್ದ ಸೀಟಿ ಹೊರಗೆ ಬಂತು. "ಬಲಗಾಲು ನಿನಗೆ ದೇವರು ಅಲಂಕಾರಕ್ಕೆ ಕೊಟ್ಟದ್ದಾ? ಅದರಲ್ಲೂ ಹೊಡಿ!" ಎಂದು ಅವರು ಕೂಗುವುದು ಕಾರಿನೊಳಗೆ ಕೇಳುತ್ತಿತ್ತು. ಊರಿಗೆ ಫೋನು ಮಾಡಿ "ಹುಡುಗ ಸಿಕ್ಕಿದ, ಒಂದು ಜಾಗ ಇಟ್ಟುಕೊಳ್ಳಿ" ಎಂದೂ ಹೇಳಿಬಿಟ್ಟರು. ಆ ದಿನಗಳಲ್ಲಿ ನನಗೂ ಏನೋ ಆಸೆ. ಇಲ್ಲಿಂದ ನಮ್ಮದೊಂದು ಮಗು ವಾಪಸು ಹೋಗಿ ಆ ಮೈದಾನದಲ್ಲಿ ಓಡಿದರೆ, ನಾವು ಬಿಟ್ಟು ಬಂದದ್ದು ಪೂರ್ತಿ ಹೋಗಿಲ್ಲ ಎಂದು ಅನಿಸೀತು ಎಂಬ ಆಸೆ. ಯಾರ ಮಗುವಾದರೂ ಸರಿ, ನನ್ನದಲ್ಲದಿದ್ದರೆ ಸಾಕು. ಮನುಷ್ಯರ ಬುದ್ಧಿಯೇ ಹಾಗೆ ನೋಡಿ.

ಇರ್ಫಾನನಿಗಂತೂ ನೆಲದ ಮೇಲೆ ಕಾಲಿಲ್ಲ. ಅಪ್ಪನನ್ನು ಮನೆಗೆ ಕರೆದು ಶಾವಿಗೆ ಬಿರಿಯಾನಿ ಮಾಡಿಸಿ ಹಾಕಿದ. ಅಪ್ಪ ಚಪ್ಪರಿಸಿಕೊಂಡು ಉಂಡು, "ಬಿರಿಯಾನಿಗೆ ನಾನು ಆಮೇಲೂ ಬರ್ತೇನೆ. ಇದು ಆ ಊಟ ಅಲ್ಲ, ನೆನಪುಂಟಲ್ಲ?" ಎಂದರು. ಇರ್ಫಾನ್ ಸಬೀಹಾಳ ಕಡೆ ನೋಡಿ, "ಗಂಜಿ ಮಾಡ್ಬೇಕು ನೀನು. ನನ್ನ ಅಮ್ಮ ಇವರಿಗೆ ಎರಡನೇ ಸಲ ಬಡಿಸಿದ್ದಕ್ಕೇ ನಾನು ಕಾಲೇಜು ಕಂಡದ್ದು" ಎಂದ. ಸಬೀಹಾ ಆಯಿತು ಎನ್ನುವಂತೆ ತಲೆಯಾಡಿಸಿ, ಖಾಲಿ ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಅಷ್ಟರಲ್ಲಿ ಅಬು ಫಹದ್ ಬಂದರು. ದಮ್ಮಾಮಿನ ಒಂದು ಖಾಸಗಿ ಕಾಲೇಜಿನ ಕೋಚ್, ಇಲ್ಲಿಯವರೇ. ತೋಬ್ ಎಂಬ ಉದ್ದನೆಯ ಬಿಳಿ ನಿಲುವಂಗಿಯ ಕೆಳಗೆ ಓಟದ ಬೂಟು ಹಾಕಿಕೊಂಡು ಒಂದು ಶುಕ್ರವಾರ ಬಯಲಿನ ಮೂಲೆಯಲ್ಲಿ ನಿಂತಿದ್ದರು. ಮುಂದಿನ ಶುಕ್ರವಾರವೂ ನಿಂತಿದ್ದರು. ಅವರು ನೋಡುತ್ತಿದ್ದದ್ದೂ ರಯ್ಯಾನನನ್ನೇ. ಅಪ್ಪನಿಗೆ ತಕ್ಷಣ ಗೊತ್ತಾಯಿತು. "ಅವರು ನಿಂತ ರೀತಿ ನೋಡು. ನಾನು ಬೆಂಗ್ರೆಯಲ್ಲಿ ಹಾಗೇ ನಿಲ್ತಿದ್ದೆ" ಎಂದರು. ಹೋಗಿ ಮಾತಾಡಿಸಿದರು ಕೂಡ. ಅಪ್ಪನಿಗೆ ಅರಬ್ಬಿ ಬಾರದು, ಅವರಿಗೆ ಕನ್ನಡ ಬಾರದು. ನಡುವೆ ನಿಂತು ಎರಡೂ ಕಡೆ ಮಾತು ದಾಟಿಸಬೇಕಾದವನು ಪಾಪ ರಯ್ಯಾನನೇ.

"ನಮ್ಮ ಸೀಮೆಯ ಹುಡುಗರು ಸ್ವಲ್ಪ ಆಡುವ ಹಾಗಾದರೆ ಸಾಕು, ರಿಯಾದಿನ ದೊಡ್ಡ ಕ್ಲಬ್ಬುಗಳು ಎತ್ತಿಕೊಂಡು ಹೋಗುತ್ತವಂತೆ" ಎಂದು ರಯ್ಯಾನ್ ಅವರ ಮಾತನ್ನು ಹೇಳಿದ. "ಉಳಿದವರು ಮೊಬೈಲಲ್ಲಿ ಆಡ್ತಾರಂತೆ. ಇಲ್ಲೇ ಹುಟ್ಟಿದ ಹೊರಗಿನವರ ಮಕ್ಕಳನ್ನೂ ಈಗ ಸೇರಿಸಿಕೊಳ್ಳಬಹುದು, ಅದಕ್ಕೆ ಹತ್ತಿರದ ಬಯಲುಗಳನ್ನೆಲ್ಲ ನೋಡ್ತಿದ್ದಾರಂತೆ."

ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು. "ಅವರಿಗೂ ನನ್ನದೇ ಕಾಯಿಲೆ ಅಂತ ಹೇಳು!" ಆಮೇಲೆ ಇಬ್ಬರೂ ಒದ್ದೆ ಮರಳಿನ ಮೇಲೆ ಕುಕ್ಕರಗಾಲಿನಲ್ಲಿ ಕೂತರು. ಅಪ್ಪ ಕಡ್ಡಿಯಲ್ಲಿ ಆಟಗಾರರನ್ನು ನಿಲ್ಲಿಸಿ ತೋರಿಸುವುದು, ಅಬು ಫಹದ್ ಅಂಗೈಯಲ್ಲಿ ಅಳಿಸಿ ತಮ್ಮ ರೀತಿಯಲ್ಲಿ ನಿಲ್ಲಿಸುವುದು. ಜಗಳವೋ ಸ್ನೇಹವೋ ಗೊತ್ತಾಗಲಿಲ್ಲ. ಹೊರಡುವ ಮುಂಚೆ ಅವರು ನೇರವಾಗಿ ಇರ್ಫಾನನಿಗೆ ಹೇಳಿದರು: ಹುಡುಗನನ್ನು ಕೊಡಿ, ಓದಿನ ಖರ್ಚು ಕಾಲೇಜಿನದ್ದು.

ಇರ್ಫಾನ್ ಎದೆ ಸೆಟೆಸಿ, "ಇವನು ನಮ್ಮ ಮಾಷ್ಟ್ರ ಹುಡುಗ" ಎಂದುಬಿಟ್ಟ. ಅಪ್ಪನ ಮುಖ ಅರಳಿತು. ನಾನು ಕಾರಿನೊಳಗಿಂದ ರಯ್ಯಾನನ ಮುಖ ನೋಡಿದೆ. ಅದು ಅರಳಿರಲಿಲ್ಲ.

ಆ ಸಂಜೆ ಅಪ್ಪ ಇನ್ನೂ ಬಯಲಿನಲ್ಲಿರುವಾಗ ರಯ್ಯಾನ್ ನೀರು ಕುಡಿಯಲು ಕಾರಿನ ಹತ್ತಿರ ಬಂದ. ಅಮ್ಮ ಅತ್ತ ಫೋನಿನಲ್ಲಿದ್ದಳು. ನನ್ನನ್ನು ಮೆಲ್ಲಗೆ ಕೇಳಿದ, "ಆಂಟಿ, ಮಂಗಳೂರಲ್ಲಿ ಫ್ರೈಡೇ ರಜಾ ಇರ್ತದಾ?"

ಇಲ್ಲ ಎಂದೆ. ಅಲ್ಲಿ ಭಾನುವಾರ ರಜೆ.

"ಹಾಗಾದ್ರೆ ಫ್ರೈಡೇ ಎಂತ ಮಾಡ್ತಾರೆ ಎಲ್ಲರೂ?"

ಅವನಿಗೆ ಶುಕ್ರವಾರ ಎಂದರೆ ಅಪ್ಪನ ಅಂಗಡಿಗೆ ಅರ್ಧ ದಿನ ಬೀಗ, ಮನೆಮಂದಿಯೆಲ್ಲ ಒಂದೇ ತಟ್ಟೆಗೆ ಕೂರುವುದು, ಕಡಲ ಬದಿಯ ನಡಿಗೆ, ಈ ಬಯಲು, ಕಾರಿನೊಳಗೆ ಅಮ್ಮ. ಅದೆಲ್ಲ ಇಲ್ಲದ ಶುಕ್ರವಾರವನ್ನು ಅವನು ಕಲ್ಪಿಸಿಕೊಳ್ಳಲು ನೋಡುತ್ತಿದ್ದ, ಆಗುತ್ತಿರಲಿಲ್ಲ. ನಾನು ಇಲ್ಲಿಗೆ ಬಂದ ಹೊಸತರಲ್ಲಿ ಭಾನುವಾರ ಡ್ಯೂಟಿಗೆ ಹೋಗುವಾಗ ಅಳುತ್ತಿದ್ದೆ. ಇವನು ಅಲ್ಲಿ ಶುಕ್ರವಾರ ಅಳುತ್ತಾನೆ ಎಂದು ಆಗ ಹೊಳೆಯಿತು. ಅಪ್ಪನಿಗೆ ಹೇಳಬೇಕೆಂದುಕೊಂಡೆ. ಅವರ ಉತ್ಸಾಹ ನೋಡಿ ಬಾಯಿ ಬರಲಿಲ್ಲ.

ವೀಸಾ ಮುಗಿಯುವ ವಾರ ಗಂಜಿಗೆ ಕರೆ ಬಂತು. ಅಪ್ಪ ಬೆಳಿಗ್ಗೆಯೇ ಮಿಂದು ಇಸ್ತ್ರಿ ಮಾಡಿದ ಅಂಗಿ ಹಾಕಿ, ಸೀಟಿಯನ್ನು ಒಳಗೆ ಇಳಿಬಿಟ್ಟು, ಹೆಣ್ಣು ನೋಡಲು ಹೊರಟವರ ಹಾಗೆ ಕಾದು ಕೂತಿದ್ದರು.

ಇರ್ಫಾನನ ಮನೆಯಲ್ಲಿ ನೆಲಕ್ಕೆ ಹಾಸಿದ ಹಾಳೆಯ ಮೇಲೆ ಊಟ. ಅಪ್ಪನ ಎದುರು ಬಟ್ಟಲು ತುಂಬ ಕೆಂಪು ಗಂಜಿ, ಒಂದು ಕಡೆ ಒಣಸಿಗಡಿ ಚಟ್ನಿ, ಉಪ್ಪಿನಲ್ಲಿ ಹಾಕಿದ ಮಾವಿನಕಾಯಿ. ಅಪ್ಪ ಮೊದಲ ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದರು. "ನಿನ್ನ ಅತ್ತೆಯ ಕೈ ರುಚಿಯೇ ಮಗಾ" ಎಂದರು ಸಬೀಹಾಳಿಗೆ.

"ಅವರನ್ನೇ ಫೋನಲ್ಲಿ ಕೇಳಿ ಮಾಡಿದ್ದು ಮಾಷ್ಟ್ರೇ" ಎಂದಳು ಸಬೀಹಾ. "ನನಗೆ ನೀರಿನ ಅಂದಾಜೇ ಮರೆತು ಹೋಗಿತ್ತು. ಈ ಮನೆಯಲ್ಲಿ ಗಂಜಿ ಮಾಡುವುದಿಲ್ಲ. ಇವನು ತಿನ್ನುವುದಿಲ್ಲ ನೋಡಿ. ನಿಮಗೋಸ್ಕರ ಮಾಡಿದ್ದು."

ಅಪ್ಪ ತಲೆ ಎತ್ತಿ ರಯ್ಯಾನನನ್ನು ನೋಡಿದರು. ಅವನ ಎದುರು ಅರ್ಧ ಖುಬ್ಸ್ ರೊಟ್ಟಿ, ಬೇಯಿಸಿ ಅರೆದ ಫೂಲ್ ಕಾಳಿನ ಬಟ್ಟಲು. ದಿನಾ ತಿನ್ನುವುದು ಅದೇ. ಗಂಜಿಯ ಬಟ್ಟಲೂ ಇತ್ತು, ಅದರೊಳಗೆ ಚಮಚ ನೆಟ್ಟುಕೊಂಡು ಕೂತಿದ್ದ.

"ನಿನಗೆ ಸೇರುವುದಿಲ್ವಾ ಮಗಾ?"

"ಟ್ರೈ ಮಾಡ್ತಿದ್ದೇನೆ ಅಂಕಲ್."

ಇರ್ಫಾನ್ ಜೋರಾಗಿ ನಕ್ಕ. ಅಪ್ಪ ನಗಲಿಲ್ಲ. ಬಟ್ಟಲನ್ನೇ ನೋಡುತ್ತಾ ನಿಧಾನವಾಗಿ ಉಂಡರು. ಉಣ್ಣುತ್ತಾ ಹೇಳಬೇಕಾದ ವಿಷಯವನ್ನು ಹೇಳಲೇ ಇಲ್ಲ. ಬಟ್ಟಲು ಖಾಲಿಯಾಯಿತು. ಸಬೀಹಾ ಗಂಡನ ಮುಖ ನೋಡಿದಳು, ಮಗನ ಮುಖ ನೋಡಿದಳು, ಸೌಟು ತುಂಬಿಕೊಂಡು ಬಗ್ಗಿದಳು. ಹಿರಿಯರ ಎದುರು, ಗಂಡನ ಗುರುವಿನ ಎದುರು, ಬಡಿಸದೆ ನಿಲ್ಲುವ ಧೈರ್ಯ ಅವಳಿಗಿರಲಿಲ್ಲ. ಕಣ್ಣು ತುಂಬಿದ್ದು ನನಗೆ ಕಂಡಿತು.

ಅಪ್ಪ ಬಟ್ಟಲಿನ ಮೇಲೆ ಅಂಗೈ ಅಡ್ಡ ಇಟ್ಟರು. ಸೌಟಿನಿಂದ ಬಿಸಿ ಗಂಜಿ ಅವರ ಕೈಯ ಹಿಂಬದಿಗೆ ಬಿತ್ತು. ಕೈ ತೆಗೆಯಲಿಲ್ಲ.

"ಸಾಕು ಮಗಾ. ನನಗೆ ತುಂಬಿತು."

"ಮಾಷ್ಟ್ರೇ, ಎಂತ ಇದು!" ಇರ್ಫಾನ್ ಗಾಬರಿಯಾದ. "ಅವಳು ಬಡಿಸ್ತಾ ಇದ್ದಾಳಲ್ಲ!"

"ಇದು ವಿಶೇಷದ ಊಟ ಇರ್ಫಾನ್. ಲೆಕ್ಕಕ್ಕಿಲ್ಲ." ಅಪ್ಪ ರಯ್ಯಾನನ ಕಡೆ ಕೈ ಚಾಚಿದರು. "ಆ ರೊಟ್ಟಿ ಇತ್ತ ಕೊಡು ಮಾರಾಯ. ನೀನು ದಿನಾ ತಿನ್ನುವುದು ಎಂತ ಅಂತ ನೋಡುವಾ."

ರಯ್ಯಾನ್ ರೊಟ್ಟಿ ಮುರಿದು ಫೂಲಿನ ಬಟ್ಟಲನ್ನು ಅವರ ಮುಂದೆ ಸರಿಸಿದ. ಅಪ್ಪ ಅದ್ದಿಕೊಂಡು ತಿಂದರು. ಮುಗಿದ ಮೇಲೆ ಬಟ್ಟಲನ್ನು ಸಬೀಹಾಳ ಕಡೆ ಹಿಡಿದು "ಇನ್ನೊಂದು ಸಲ ಹಾಕು" ಎಂದರು. ಆಕೆ ಹಾಕಿದಳು. ಅದನ್ನೂ ಒರೆಸಿ ತಿಂದು, ನೀರು ಕುಡಿದು, "ಸರಿ. ಎರಡನೇ ಸಲ ಬಡಿಸಿ ಆಯ್ತು. ಆ ಅಬು ಫಹದ್‌ಗೆ ಫೋನು ಮಾಡಿ ಹೇಳು, ಹುಡುಗ ಅವರವ" ಎಂದರು.

ಇರ್ಫಾನ್ ಅಳು ಬಂದ ಮಗುವಿನ ದನಿಯಲ್ಲಿ, "ನಿಮ್ಮ ಸೀಟಿ ಮಾಷ್ಟ್ರೇ?" ಎಂದ.

"ನಿನ್ನ ಅಮ್ಮ ಬಸ್ಸಲ್ಲಿ ಬರ್ತಿದ್ದಳು ಇರ್ಫಾನ್" ಎಂದರು ಅಪ್ಪ. "ಇವಳು ಮಂಗಳೂರಿಗೆ ಯಾವ ಬಸ್ಸಲ್ಲಿ ಬರುವುದು? ದಮ್ಮಾಮಿಗಾದ್ರೆ ಕಾರಲ್ಲಿ ಹೋಗಿ ಸಂಜೆಗೆ ಮನೆ ಸೇರ್ತಾಳೆ. ಅಮ್ಮ ಇಲ್ಲದ ಗ್ಯಾಲರಿ ಬೇಡ ಅಂತಲೇ ಅಲ್ವಾ ನಾನು ಊರೂರು ಅಲೆದದ್ದು? ಮತ್ತೆ ಇನ್ನೊಬ್ಬನನ್ನು ಅಮ್ಮ ಇಲ್ಲದ ಕಡೆ ಎಳ್ಕೊಂಡು ಹೋಗುವುದಾ?"

ಸಬೀಹಾ ಸೌಟು ಹಿಡಿದುಕೊಂಡೇ ಅಡುಗೆಮನೆಗೆ ಓಡಿದಳು. ಹಿಂದೆಯೇ ಹೋದ ನನ್ನನ್ನು ತಬ್ಬಿಕೊಂಡು ಅತ್ತಳು, ನಾನೂ ಅತ್ತೆ. ಅವಳಿಗೆ ಮಗ ಉಳಿದದ್ದಕ್ಕೆ ಅಳು, ನನಗೆ ಅಪ್ಪ ಬರಿಗೈಯಲ್ಲಿ ಹೋಗುವುದಕ್ಕೆ. ಮನೆಗೆ ಹೋಗುವಾಗ ಕಾರಿನಲ್ಲಿ ಅಪ್ಪ ಚಿಮಣಿಯ ಬೆಂಕಿ ನೋಡುತ್ತಾ ಕೂತಿದ್ದರು. "ಆಸೆ ಕೆಟ್ಟದ್ದು ಮಗಾ. ಅವನು ಊರು ಭಟ್ಕಳ ಅಂದ, ನಾನು ನಂಬಿದೆ. ನನಗೆ ಬೇಕಾದದ್ದೂ ಅದೇ ಮಾತಲ್ವಾ" ಎಂದರು. ಕೈಯ ಹಿಂಬದಿ ಕೆಂಪಾಗಿತ್ತು. ಮನೆಯಲ್ಲಿ ಎಣ್ಣೆ ಹಚ್ಚಿದೆ. ಆ ವಾರವೇ ಅವರನ್ನು ವಿಮಾನ ಹತ್ತಿಸಿದೆವು. ಅವರ ಮಂಗನ ಟೋಪಿ ಬಾಲ್ಕನಿಯ ಕುರ್ಚಿಯ ಮೇಲೆ ಬಹಳ ದಿನ ಹಾಗೇ ಇತ್ತು.

ಊರಿಗೆ ಹೋದವರು ಹೇಳಿದ ಮಾತಿನಂತೆ ಸೀಟಿಯನ್ನು ಪ್ರಿನ್ಸಿಪಾಲರ ಮೇಜಿನ ಮೇಲಿಟ್ಟು ಬಂದರು. ಇನ್ನು ಮೈದಾನದ ಕಡೆ ತಲೆ ಹಾಕಲಿಕ್ಕಿಲ್ಲ ಎಂದುಕೊಂಡಿದ್ದೆ. ಒಂದು ದಿನ ಅಣ್ಣನ ಮಗನಿಂದ ಕಲಿತು ನನಗೆ ವಿಡಿಯೋ ಕಾಲ್ ಮಾಡಿದರು. ಪರದೆಯ ಅರ್ಧ ಅವರ ಹೆಬ್ಬೆರಳು, ಉಳಿದ ಅರ್ಧದಲ್ಲಿ ಹಸಿರು ಮೈದಾನ, ಗಾಳಿಯ ಸದ್ದು. ಆ ಕಲ್ಲಿನ ಗ್ಯಾಲರಿಯಲ್ಲಿ ಒಬ್ಬರೇ ಕೂತಿದ್ದರು. "ಕಾಣ್ತದಾ ಮಗಾ? ಆ ಮಣಿಪುರದ ಹುಡುಗನ ಅಮ್ಮನಿಗೆ ತೋರಿಸ್ಲಿಕ್ಕೆ ಕಲಿತದ್ದು. ಹೋದ ಮ್ಯಾಚಲ್ಲಿ ಅವನು ಗೋಲು ಹೊಡೆದಾಗ ಅವಳು ಅಲ್ಲಿ ಮನೆಯಲ್ಲೇ ಕೂಗಿದಳು. ಭಾಷೆ ಗೊತ್ತಾಗ್ಲಿಲ್ಲ, ಹೆಸರು ಗೊತ್ತಾಯ್ತು." ಮಲಪ್ಪುರದವರ ಅಮ್ಮಂದಿರ ನಂಬರೂ ಇತ್ತು ಅವರ ಹತ್ತಿರ. ಪಂದ್ಯಕ್ಕೆ ಒಬ್ಬ ಅಮ್ಮನಂತೆ ಸರದಿ. ಎರಡು ಸೀಸನ್ ಹಾಗೆ ಫೋನು ಎತ್ತಿ ಹಿಡಿದರು. ಹೋದ ಮಳೆಗಾಲದಲ್ಲಿ ಅಪ್ಪ ತೀರಿಕೊಂಡಾಗ ಹಾಸ್ಟೆಲಿನ ಆ ಹುಡುಗರೇ ಹೆಗಲು ಕೊಟ್ಟರಂತೆ. ರಜೆ ಸಿಕ್ಕಿ ನಾನು ತಲುಪುವಾಗ ಎಲ್ಲ ಮುಗಿದಿತ್ತು. ಆ ಸಂಕಟ ನನ್ನಲ್ಲಿ ಇನ್ನೂ ಇದೆ, ಇರಲಿ.

ಹೋದ ಶುಕ್ರವಾರ ದಮ್ಮಾಮಿನಲ್ಲಿದ್ದದ್ದು ರಯ್ಯಾನನ ಪಂದ್ಯ. ಅವನಿಗೆ ಇದು ಕಾಲೇಜಿನ ಕೊನೆಯ ವರ್ಷ. ಸಬೀಹಾ ಈಗ ಕಾರಿನೊಳಗೆ ಕೂರುವುದಿಲ್ಲ. ಗ್ಯಾಲರಿಯಲ್ಲಿ ಮೊದಲ ಸಾಲು, ಅತ್ತಿತ್ತ ಇಲ್ಲಿಯ ಅಮ್ಮಂದಿರು, ಎಲ್ಲರೂ ಸೇರಿ ಅರಬ್ಬಿಯಲ್ಲಿ ಗಲಾಟೆ. ಬಿಳಿ ತೋಬಿನ ಅಬು ಫಹದ್ ಗೆರೆಯ ಮೇಲೆ ಅತ್ತಿತ್ತ ಓಡುತ್ತಿದ್ದರು. ಆಟ ಶುರುವಾಗುತ್ತಲೇ ಸಬೀಹಾ ತನ್ನ ಫೋನನ್ನು ನನ್ನ ಕೈಗೆ ತುರುಕಿದಳು.

"ನೀವು ಹಿಡ್ಕೊಳ್ಳಿ. ನನಗೆ ಕೈ ನಡುಗ್ತದೆ. ಭಟ್ಕಳದಲ್ಲಿ ಅತ್ತೆ ಕಾಯ್ತಿದ್ದಾರೆ."

ಪರದೆಯ ಮೂಲೆಯಲ್ಲಿ ಹಲ್ಲಿಲ್ಲದ ಬಾಯಿ, ಬಿಳಿ ದುಪಟ್ಟಾ. ಮೊದಲ ಬಸ್ಸಿಗೆ ಬಂದು ಕೊನೆಯ ಬಸ್ಸಿಗೆ ಹೋಗುತ್ತಿದ್ದ ಇರ್ಫಾನನ ಅಮ್ಮ. ನಾನು ಎದ್ದು ನಿಂತು ಫೋನನ್ನು ತಲೆಗಿಂತ ಎತ್ತರಕ್ಕೆ ಹಿಡಿದೆ. ರಯ್ಯಾನ್ ಎಡಗಡೆಯ ಗೆರೆಯಲ್ಲಿ ಚೆಂಡು ಹಿಡಿದು ಓಡಿದ, ಎದುರಿನವನು ತಪ್ಪಲಿ ಎಂದು ಕಾದ, ಬಲಗಾಲಿನಲ್ಲಿ ಹೊಡೆದ. ಸಬೀಹಾ ಕೂಗಿದಳು, ಸುತ್ತಲಿನವರೆಲ್ಲ ಕೂಗಿದರು. ನನಗೆ ಕಣ್ಣೀರಿನಲ್ಲಿ ಏನೂ ಕಾಣಲಿಲ್ಲ.

"ಕಾಣ್ತದಾ ಅಮ್ಮಾ?" ಎಂದೆ ಫೋನಿಗೆ.

"ಎಂತ ಕಾಣುವುದು!" ಮುದುಕಿ ಭಟ್ಕಳದಿಂದ ಗದರಿದಳು. "ನೀನು ಪೀಟಿ ಮಾಷ್ಟ್ರ ಮಗಳಲ್ವಾ? ಬೆರಳು ತೆಗಿ ಮೊದಲು."